ಅನ್ನ, ನುಡಿ, ಮನ್ನಣೆ: ಕರ್ನಾಟಕದ ಕಾಲೇಜುಗಳಲ್ಲಿ ವಿದ್ಯಾರ್ಥಿ ಕೂಟಗಳು ಹುಟ್ಟಿದ ಬಗೆ

ಪೀಠಿಕೆ

ವಿಶ್ವವಿದ್ಯಾನಿಲಯಗಳ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಕಾಯಿದೆಗಳನ್ನು, ಕುಲಪತಿಗಳ ಅವಧಿಯನ್ನು, ವಿಭಾಗಗಳ ಸ್ಥಾಪನೆಯನ್ನು, ಕಟ್ಟಡಗಳ ನಿರ್ಮಾಣವನ್ನು ಆಧಾರವಾಗಿ ಇಟ್ಟುಕೊಳ್ಳುವುದು ವಾಡಿಕೆ. ಆ ಕಟ್ಟಡಗಳೊಳಗೆ ಓದಿದ ವಿದ್ಯಾರ್ಥಿಗಳು ಎಲ್ಲಿ ಉಂಡರು, ಯಾರೊಡನೆ ಕೂಡಿ ಬಾಳಿದರು, ಯಾವ ಕಾರಣಕ್ಕಾಗಿ ಗುಂಪುಗೂಡಿದರು ಎಂಬ ಪ್ರಶ್ನೆಗಳು ಈ ಬಗೆಯ ಇತಿಹಾಸದಲ್ಲಿ ಅಂಚಿಗೆ ಸರಿಯುತ್ತವೆ. ಆದರೆ ಆಧುನಿಕ ಕರ್ನಾಟಕದ ಸಾಹಿತ್ಯ, ಸಾಮಾಜಿಕ ಚಳವಳಿ ಮತ್ತು ರಾಜಕಾರಣಗಳನ್ನು ರೂಪಿಸಿದ ಅನೇಕ ಶಕ್ತಿಗಳು ತರಗತಿಯ ಪಾಠದಿಂದ ಹೊಮ್ಮಿದಷ್ಟೇ ವಿದ್ಯಾರ್ಥಿನಿಲಯದ ಜಗಲಿಯಿಂದ, ಸಂಘದ ಸಭೆಯಿಂದ, ಗೆಳೆಯರ ಕೂಟದಿಂದಲೂ ಹೊಮ್ಮಿದವು ಎಂಬುದು ಗಮನಾರ್ಹ.

ವಿದ್ಯಾರ್ಥಿಗಳು ಗುಂಪುಗೂಡುವುದು ವಯೋಸಹಜವಾದ ಒಲವೆಂದು ಹೇಳಿ ಮುಗಿಸಿಬಿಡಬಹುದು. ಸಮವಯಸ್ಕರು ಸೇರುವುದು ಸಹಜವೇ. ಆದರೆ ಹಾಗೆ ಸೇರುವಾಗ ಯಾರು ಯಾರೊಡನೆ ಸೇರಿದರು, ಯಾವ ಹೆಸರಿನಲ್ಲಿ ಸೇರಿದರು, ಯಾರನ್ನು ಹೊರಗಿಟ್ಟರು ಎಂಬುದನ್ನು ನಿರ್ಧರಿಸುವುದು ವಯಸ್ಸಲ್ಲ. ಆಯಾ ಕಾಲದ ಸಮಾಜ. ಮೈಸೂರು, ಬೆಂಗಳೂರು ಮತ್ತು ಧಾರವಾಡಗಳ ಉನ್ನತ ಶಿಕ್ಷಣದ ಇತಿಹಾಸವನ್ನು ಈ ದೃಷ್ಟಿಯಿಂದ ನೋಡಿದರೆ ವಿದ್ಯಾರ್ಥಿ ಕೂಟಗಳ ಹುಟ್ಟಿಗೆ ಮೂರು ಮುಖ್ಯ ಕಾರಣಗಳು ಕಂಡುಬರುತ್ತವೆ: ಅನ್ನ, ನುಡಿ ಮತ್ತು ಮನ್ನಣೆ. ಈ ಮೂರೂ ವಿದ್ಯಾಸಂಸ್ಥೆಯು ತಾನಾಗಿ ಒದಗಿಸದೆ ಬಿಟ್ಟ ವಸ್ತುಗಳು. ಸಂಸ್ಥೆ ಎಲ್ಲಿ ಕೈಬಿಟ್ಟಿತೋ ಅಲ್ಲಿ ಕೂಟ ಹುಟ್ಟಿತು ಎಂಬುದೇ ಪ್ರಸ್ತುತ ಲೇಖನದ ಪ್ರತಿಪಾದನೆ.

ಅನ್ನ ಮತ್ತು ವಸತಿ

ಮುಮ್ಮಡಿ ಕೃಷ್ಣರಾಜ ಒಡೆಯರು 1833ರಲ್ಲಿ ಮೈಸೂರಿನಲ್ಲಿ ಆರಂಭಿಸಿದ ಇಂಗ್ಲಿಷ್ ಶಾಲೆ ಮುಂದೆ ಮಹಾರಾಜ ಕಾಲೇಜಾಗಿ ಬೆಳೆಯಿತು. 1858ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಹೈಸ್ಕೂಲು ಸೆಂಟ್ರಲ್ ಕಾಲೇಜಾಯಿತು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1916ರ ಜುಲೈನಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಗೊಂಡಾಗ ಈ ಎರಡು ಕಾಲೇಜುಗಳೇ ಅದರ ಆಧಾರಸ್ತಂಭಗಳಾದವು. ದೇಶೀ ಸಂಸ್ಥಾನವೊಂದರಲ್ಲಿ ಹುಟ್ಟಿದ ಮೊದಲ ವಿಶ್ವವಿದ್ಯಾನಿಲಯವಿದು. ಇತ್ತ ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳಿಗೆ 1917ರಲ್ಲಿ ಧಾರವಾಡದ ಕರ್ನಾಟಕ ಕಾಲೇಜು ದೊರೆಯಿತು.

ಕಾಲೇಜುಗಳು ತೆರೆದವು, ಆದರೆ ಹಳ್ಳಿಯಿಂದ ಬಂದ ಹುಡುಗನ ಊಟದ ಪ್ರಶ್ನೆ ಹಾಗೆಯೇ ಉಳಿಯಿತು. ಪಟ್ಟಣದಲ್ಲಿ ಬಂಧುಗಳಿಲ್ಲದ ಬಡ ಬ್ರಾಹ್ಮಣ ವಿದ್ಯಾರ್ಥಿಗೆ ವಾರಾನ್ನದ ಪದ್ಧತಿ ಇತ್ತು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ ಎಂದು ವಾರದ ಏಳು ದಿನಗಳನ್ನು ಏಳು ಮನೆಗಳಲ್ಲಿ ಹಂಚಿಕೊಂಡು ಓದಿದವರ ನೆನಪುಗಳು ಕನ್ನಡದ ಆತ್ಮಕಥೆಗಳಲ್ಲಿ ಹೇರಳವಾಗಿವೆ. ಮೈಸೂರಿನಲ್ಲಿ ‘ತಾತಯ್ಯ’ ಎಂದೇ ಹೆಸರಾದ ಎಂ. ವೆಂಕಟಕೃಷ್ಣಯ್ಯನವರು ನಡೆಸಿದ ಅನಾಥಾಲಯದಂತಹ ಸಂಸ್ಥೆಗಳು ನಿರ್ಗತಿಕ ವಿದ್ಯಾರ್ಥಿಗಳಿಗೆ ಆಸರೆಯಾದವು.

ವಾರಾನ್ನವು ಪಂಕ್ತಿಯ ನಿಯಮಕ್ಕೆ ಒಳಪಟ್ಟಿದ್ದ ಔದಾರ್ಯ. ಒಂದೇ ಪಂಕ್ತಿಯಲ್ಲಿ ಕೂರಬಹುದಾದವನಿಗೆ ಮಾತ್ರ ಆ ಮನೆಗಳ ಬಾಗಿಲು ತೆರೆಯುತ್ತಿತ್ತು. ಒಕ್ಕಲಿಗ, ಲಿಂಗಾಯತ, ಕುರುಬ ಹಾಗೂ ಇತರ ಸಮುದಾಯಗಳ ಹುಡುಗರಿಗೆ ಪಟ್ಟಣದಲ್ಲಿ ಅಂತಹ ಮನೆಗಳ ಜಾಲವೇ ಇರಲಿಲ್ಲ. ಈ ಕೊರತೆಯನ್ನು ತುಂಬಲು ಸಮುದಾಯಗಳೇ ಮುಂದಾದವು. 1883ರಲ್ಲಿ ಧಾರವಾಡದಲ್ಲಿ ಸ್ಥಾಪಿತವಾದ ಲಿಂಗಾಯತ ವಿದ್ಯಾನಿಧಿಯು ವಿದ್ಯಾರ್ಥಿವೇತನಗಳ ಮೂಲಕ ಉನ್ನತ ಶಿಕ್ಷಣದ ಹಾದಿಯನ್ನು ತೆರೆಯಿತು. 1906ರಲ್ಲಿ ಬೆಂಗಳೂರಿನಲ್ಲಿ ಒಕ್ಕಲಿಗರ ಸಂಘ, 1916ರಲ್ಲಿ ಬೆಳಗಾವಿಯಲ್ಲಿ ಏಳು ಜನ ಶಿಕ್ಷಕರ ಸಾಹಸದಿಂದ ಕೆ.ಎಲ್.ಇ. ಸಂಸ್ಥೆ ಹುಟ್ಟಿದವು. ಧಾರವಾಡದ ಮುರುಘಾಮಠದ ಮೃತ್ಯುಂಜಯ ಸ್ವಾಮಿಗಳು ಉಚಿತ ಪ್ರಸಾದನಿಲಯವನ್ನು ನಡೆಸಿದರು. ಸುತ್ತೂರು ಮಠದ ಶಿವರಾತ್ರಿ ರಾಜೇಂದ್ರ ಸ್ವಾಮಿಗಳು 1941ರಲ್ಲಿ ಮೈಸೂರಿನಲ್ಲಿ ಉಚಿತ ವಿದ್ಯಾರ್ಥಿನಿಲಯವನ್ನು ತೆರೆದರು.

ಇದೇ ಕಾಲಘಟ್ಟದಲ್ಲಿ ಬ್ರಾಹ್ಮಣೇತರರ ರಾಜಕೀಯ ಜಾಗೃತಿಯೂ ರೂಪುಗೊಳ್ಳುತ್ತಿತ್ತು. 1917ರಲ್ಲಿ ಪ್ರಜಾಮಿತ್ರ ಮಂಡಳಿ ಹುಟ್ಟಿತು. 1918ರಲ್ಲಿ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯ ಸಮಿತಿ ನೇಮಕಗೊಂಡಿತು. ಸರ್ಕಾರಿ ಹುದ್ದೆಗಳಲ್ಲಿ ಪ್ರಾತಿನಿಧ್ಯ ಬೇಕಾದರೆ ಪದವೀಧರರು ಬೇಕು. ಪದವೀಧರರು ಬೇಕಾದರೆ ಪಟ್ಟಣದಲ್ಲಿ ಹಾಸುಗೆ ಮತ್ತು ಊಟ ಬೇಕು. ವಿದ್ಯಾರ್ಥಿನಿಲಯವು ಹೀಗೆ ಸಾಮಾಜಿಕ ಚಲನೆಯ ಮೊದಲ ಮೆಟ್ಟಿಲಾಯಿತು. ಸ್ವತಃ ಮಹಾರಾಜ ಕಾಲೇಜಿನ ವಿದ್ಯಾರ್ಥಿಯಾಗಿದ್ದ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸರು, ಆಧುನಿಕ ಕಾಲದಲ್ಲಿ ಜಾತಿಗಳು ಸಂಘ, ಪತ್ರಿಕೆ, ಬ್ಯಾಂಕು ಮತ್ತು ವಿದ್ಯಾರ್ಥಿನಿಲಯಗಳ ಮೂಲಕ ಹೊಸ ಬಲವನ್ನು ಪಡೆದುಕೊಂಡುದನ್ನು ಗುರುತಿಸಿದ್ದು ಇಲ್ಲಿ ಸ್ಮರಣೀಯ.

ಈ ವ್ಯವಸ್ಥೆಯ ಫಲ ಎರಡು ಬಗೆಯದು. ಈ ನಿಲಯಗಳಿಲ್ಲದಿದ್ದರೆ ಸಾವಿರಾರು ಗ್ರಾಮೀಣ ವಿದ್ಯಾರ್ಥಿಗಳಿಗೆ ಕಾಲೇಜಿನ ಹೊಸ್ತಿಲು ಎಟುಕುತ್ತಿರಲಿಲ್ಲ. ಆದರೆ ಉಣ್ಣುವ ತಾಣವೇ ಗೆಳೆತನದ ತಾಣವೂ ಆದುದರಿಂದ ವಿದ್ಯಾರ್ಥಿಯ ಆಪ್ತವಲಯ ಅವನ ಜಾತಿಯ ವಲಯದೊಡನೆ ಬೆರೆತುಹೋಯಿತು. ತರಗತಿಯಲ್ಲಿ ಒಂದೇ ಬೆಂಚಿನ ಮೇಲೆ ಕುಳಿತವರು ಸಂಜೆಯಾಗುತ್ತಲೇ ಬೇರೆ ಬೇರೆ ಬೀದಿಗಳಿಗೆ ಹಂಚಿಹೋಗುತ್ತಿದ್ದರು. ಕಾಲೇಜಿನ ಗುಂಪುಗಾರಿಕೆಯನ್ನು ದೂರುವವರು ಅದರ ಬೇರು ಹುಡುಗರ ಸಂಕುಚಿತ ಬುದ್ಧಿಯಲ್ಲಿದೆ ಎನ್ನುವುದುಂಟು. ಅದು ವಾಸ್ತವವಾಗಿ ಇದ್ದುದು ಅಡುಗೆಮನೆಯಲ್ಲಿ.

ಮಹಿಳೆಯರ ವಿಷಯದಲ್ಲಿ ವಸತಿಯ ಪ್ರಶ್ನೆ ಇನ್ನೂ ಕಠಿಣವಾಗಿತ್ತು. ಮೈಸೂರಿನಲ್ಲಿ 1881ರಲ್ಲೇ ಬಾಲಿಕೆಯರ ಶಾಲೆ ಆರಂಭವಾಗಿ ಮಹಾರಾಣಿ ಕಾಲೇಜಾಗಿ ಬೆಳೆಯಿತಾದರೂ, ಹಳ್ಳಿಯ ಹುಡುಗಿ ಒಂಟಿಯಾಗಿ ಬಂದು ವಾರಾನ್ನ ಮಾಡಿಕೊಂಡು ಓದುವ ಕಲ್ಪನೆಯೇ ಆ ಸಮಾಜಕ್ಕೆ ಇರಲಿಲ್ಲ. ಪಟ್ಟಣದಲ್ಲಿ ನೆಲೆಸಿದ ಕುಟುಂಬಗಳ ಹೆಣ್ಣುಮಕ್ಕಳಿಗಷ್ಟೇ ಕಾಲೇಜು ದಕ್ಕಿತು. ಪಾಠ ಮುಗಿದೊಡನೆ ಮನೆ ಸೇರಬೇಕಾದವರಿಗೆ ಸಂಜೆಯ ಕೂಟವೆಂಬುದು ದುರ್ಲಭ. ಸಂಘಗಳ ಆರಂಭಕಾಲದ ಚರಿತ್ರೆಯಲ್ಲಿ ವಿದ್ಯಾರ್ಥಿನಿಯರ ಹೆಸರುಗಳು ವಿರಳವಾಗಿರಲು ಇದೂ ಒಂದು ಕಾರಣ.

ನುಡಿಯ ಸಂಘಗಳು

ಅನ್ನದ ಕೂಟವು ಜಾತಿಯ ಗೆರೆಯನ್ನು ಅನುಸರಿಸಿದರೆ, ಆ ಗೆರೆಯನ್ನು ದಾಟುವ ಮೊದಲ ಗಣನೀಯ ಪ್ರಯತ್ನ ನುಡಿಯ ಹೆಸರಿನಲ್ಲಿ ನಡೆಯಿತು. ಅಂದಿನ ಕಾಲೇಜುಗಳಲ್ಲಿ ಬೋಧನೆಯ ಭಾಷೆ ಇಂಗ್ಲಿಷು. ಗೌರವದ ಭಾಷೆಯೂ ಅದೇ. ವಿದ್ಯಾವಂತರು ಪರಸ್ಪರ ಕನ್ನಡದಲ್ಲಿ ಗಂಭೀರ ವಿಷಯವನ್ನು ಮಾತಾಡುವುದು ಹಿಂಜರಿಕೆಯ ಸಂಗತಿಯಾಗಿತ್ತು. ಬಿ.ಎಂ. ಶ್ರೀಕಂಠಯ್ಯನವರು 1911ರಲ್ಲಿ ಧಾರವಾಡದಲ್ಲಿ ಕನ್ನಡ ಮಾತು ತಲೆ ಎತ್ತುವ ಬಗೆಯನ್ನು ಕುರಿತು ಉಪನ್ಯಾಸ ಮಾಡಿದಾಗ ಎದುರಿಸಿದ್ದು ಈ ಹಿಂಜರಿಕೆಯನ್ನೇ. ಅವರು ಇಂಗ್ಲಿಷಿನ ಅಧ್ಯಾಪಕರಾಗಿದ್ದರೆಂಬುದು ಇಲ್ಲಿ ಅರ್ಥಪೂರ್ಣ.

ಸೆಂಟ್ರಲ್ ಕಾಲೇಜಿನಲ್ಲಿ ಎ.ಆರ್. ಕೃಷ್ಣಶಾಸ್ತ್ರಿಗಳ ಮುಂದಾಳ್ತನದಲ್ಲಿ ಕರ್ನಾಟಕ ಸಂಘ ಹುಟ್ಟಿ, 1919ರಲ್ಲಿ ‘ಪ್ರಬುದ್ಧ ಕರ್ಣಾಟಕ’ ಪತ್ರಿಕೆಯನ್ನು ಹೊರತಂದಿತು. ಮುಂದೆ ಮೈಸೂರು ವಿಶ್ವವಿದ್ಯಾನಿಲಯದ ವಿದ್ವತ್ ಪತ್ರಿಕೆಯಾಗಿ ದೀರ್ಘಕಾಲ ಬಾಳಿದ ಈ ಪತ್ರಿಕೆಯ ತೊಟ್ಟಿಲು ಒಂದು ಕಾಲೇಜು ಸಂಘ ಎಂಬ ಸಂಗತಿ ಮರೆಯುವಂತಹುದಲ್ಲ. ಪಠ್ಯಕ್ರಮದಲ್ಲಿ ಕನ್ನಡಕ್ಕೆ ದೊರೆಯದ ಸ್ಥಾನವನ್ನು ಸಂಘವು ಸಂಜೆಯ ಸಭೆಗಳಲ್ಲಿ ದೊರಕಿಸಿತು. ಕನ್ನಡ ಎಂ.ಎ. ತರಗತಿ ಮೈಸೂರಿನಲ್ಲಿ ಆರಂಭವಾದದ್ದು 1927ರಲ್ಲಿ. ಅಂದರೆ ಸಂಘವು ವಿಭಾಗಕ್ಕಿಂತ ಸುಮಾರು ಒಂದು ದಶಕದಷ್ಟು ಹಿರಿಯದು. ವಿಶ್ವವಿದ್ಯಾನಿಲಯವು ಮುಂದೆ ಅಧಿಕೃತವಾಗಿ ಕೈಗೊಳ್ಳಬೇಕಾದ ಕೆಲಸವನ್ನು ಸಂಘವು ಮೊದಲೇ ಕೈಗೊಂಡಿತ್ತು.

ನುಡಿಯ ಕೂಟ ಜಾತಿಯ ಗೆರೆಯನ್ನು ಹೇಗೆ ದಾಟಿತೆಂಬುದಕ್ಕೆ ಕುವೆಂಪು ಅವರ ವಿದ್ಯಾರ್ಥಿ ಜೀವನ ಉತ್ತಮ ನಿದರ್ಶನ. ಮಲೆನಾಡಿನಿಂದ ಮೈಸೂರಿಗೆ ಬಂದ ಅವರ ಮೊದಲ ಆಪ್ತವಲಯ ಸಹಜವಾಗಿಯೇ ತಮ್ಮ ಸೀಮೆಯ ಹುಡುಗರದು. 1926ರಲ್ಲಿ ಸ್ವಾಮಿ ಸಿದ್ಧೇಶ್ವರಾನಂದರ ಆಶ್ರಯದಲ್ಲಿ ಅವರು ರಾಮಕೃಷ್ಣಾಶ್ರಮವನ್ನು ಸೇರಿದರು. ಜಾತಿಯ ನಿಲಯವೂ ಅಲ್ಲದ, ಹೋಟೆಲೂ ಅಲ್ಲದ ಮೂರನೆಯ ಬಗೆಯ ವಸತಿ ಅವರಿಗೆ ದೊರೆಯಿತು. ಇತ್ತ ಮಹಾರಾಜ ಕಾಲೇಜಿನಲ್ಲಿ ಟಿ.ಎಸ್. ವೆಂಕಣ್ಣಯ್ಯನವರ ವಾತ್ಸಲ್ಯ ಅವರನ್ನು ಕನ್ನಡದ ವಿದ್ವತ್ ವಲಯದೊಳಕ್ಕೆ ಕರೆದೊಯ್ದಿತು. ಇಂಗ್ಲಿಷಿನಲ್ಲಿ ಕವಿತೆ ಬರೆಯುತ್ತಿದ್ದ ತರುಣನೊಬ್ಬ ಕನ್ನಡದ ಮಹಾಕವಿಯಾದ ಕಥೆಯಲ್ಲಿ 1924ರಲ್ಲಿ ಜೇಮ್ಸ್ ಕಸಿನ್ಸ್ ನೀಡಿದ ಸಲಹೆಗೆ ಇರುವಷ್ಟೇ ಸ್ಥಾನ, ಆ ಸಲಹೆಯನ್ನು ಫಲಕಾರಿಯಾಗಿಸಿದ ಈ ವಲಯಕ್ಕೂ ಸಲ್ಲಬೇಕು. ‘ಶ್ರೀ ರಾಮಾಯಣ ದರ್ಶನಂ’ ಮಹಾಕಾವ್ಯವು ವೆಂಕಣ್ಣಯ್ಯನವರಿಗೆ ಅರ್ಪಿತವಾಗಿರುವುದು ಗುರುಶಿಷ್ಯ ಸಂಬಂಧದ ದ್ಯೋತಕ ಮಾತ್ರವಲ್ಲ. ಪಂಕ್ತಿಯಲ್ಲಿ ಕೂಡದಿದ್ದ ಎರಡು ಸಮುದಾಯಗಳು ನುಡಿಯಲ್ಲಿ ಕೂಡಿದುದರ ದಾಖಲೆಯೂ ಹೌದು.

ಗಡಿನಾಡು ಮತ್ತು ಗೆಳೆಯರ ಗುಂಪು

ಮುಂಬಯಿ ಕರ್ನಾಟಕದ ಪರಿಸ್ಥಿತಿ ತುಸು ಭಿನ್ನವಾದುದು. 1917ಕ್ಕೆ ಮುನ್ನ ಅಲ್ಲಿನ ಕನ್ನಡ ವಿದ್ಯಾರ್ಥಿಗಳು ಪದವಿಗಾಗಿ ಪುಣೆ, ಮುಂಬಯಿಗಳಿಗೆ ಹೋಗಬೇಕಾಗಿತ್ತು. ಆಲೂರು ವೆಂಕಟರಾಯರು ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿದವರು. ದ.ರಾ. ಬೇಂದ್ರೆಯವರು 1918ರಲ್ಲಿ ಅದೇ ಕಾಲೇಜಿನಿಂದ ಪದವಿ ಪಡೆದರು. ಮರಾಠಿಯ ಸಮೃದ್ಧ ಸಾಹಿತ್ಯ, ಪತ್ರಿಕೆ ಮತ್ತು ರಾಜಕೀಯಗಳ ನಡುವೆ ಬದುಕಿದ ಈ ತರುಣರಿಗೆ ತಾವು ಕನ್ನಡಿಗರೆಂಬ ಅರಿವು ಹೋಲಿಕೆಯಿಂದ ಹುಟ್ಟಿದ್ದು. ತನ್ನ ಊರಿನಲ್ಲಿದ್ದಾಗ ಯಾರಿಗೂ ತಾನು ಯಾವ ನುಡಿಯವನೆಂದು ಹೇಳಿಕೊಳ್ಳುವ ಅಗತ್ಯ ಬೀಳದು. ಪರಸ್ಥಳದ ಕಾಲೇಜಿನಲ್ಲಿ ಆ ಪ್ರಶ್ನೆ ದಿನವೂ ಏಳುತ್ತದೆ. 1890ರಲ್ಲಿ ಧಾರವಾಡದಲ್ಲಿ ಹುಟ್ಟಿದ ಕರ್ನಾಟಕ ವಿದ್ಯಾವರ್ಧಕ ಸಂಘದಿಂದ ಹಿಡಿದು ಏಕೀಕರಣದ ಚಿಂತನೆಯವರೆಗೆ, ಹೊರಗೆ ಓದಿ ಮರಳಿದವರ ಪಾತ್ರ ದೊಡ್ಡದು.

ಪುಣೆಯಿಂದ ಹಿಂದಿರುಗಿದ ಬೇಂದ್ರೆಯವರ ಸುತ್ತ 1920ರ ದಶಕದಲ್ಲಿ ಧಾರವಾಡದಲ್ಲಿ ‘ಗೆಳೆಯರ ಗುಂಪು’ ರೂಪುಗೊಂಡಿತು. ಇದು ಕಾಲೇಜಿನ ಸಂಘವಲ್ಲ. ಆದರೆ ಕಾಲೇಜಿನ ತರುಣರಿಲ್ಲದೆ ಇದನ್ನು ಊಹಿಸುವುದೂ ಸಾಧ್ಯವಿಲ್ಲ. ಶಂ.ಬಾ. ಜೋಶಿ, ಬೆಟಗೇರಿ ಕೃಷ್ಣಶರ್ಮ, ರಂ.ಶ್ರೀ. ಮುಗಳಿ ಮೊದಲಾದವರು ಇದರಲ್ಲಿದ್ದರು. ಕರ್ನಾಟಕ ಕಾಲೇಜಿನ ವಿದ್ಯಾರ್ಥಿಯಾಗಿದ್ದ ವಿ.ಕೃ. ಗೋಕಾಕರು ಬೇಂದ್ರೆಯವರ ಸಂಪರ್ಕದಿಂದಲೇ ಕನ್ನಡ ಕಾವ್ಯದತ್ತ ತಿರುಗಿದರು. ಈ ಬಳಗದ ಜಿ.ಬಿ. ಜೋಶಿಯವರು 1933ರಲ್ಲಿ ಮನೋಹರ ಗ್ರಂಥಮಾಲೆಯನ್ನು ಕಟ್ಟಿದರು.

ಮೈಸೂರು ಮಾದರಿಗೂ ಧಾರವಾಡ ಮಾದರಿಗೂ ಇರುವ ವ್ಯತ್ಯಾಸ ಇಲ್ಲಿ ಸ್ಪಷ್ಟವಾಗುತ್ತದೆ. ಮೈಸೂರಿನಲ್ಲಿ ಸಂಸ್ಥಾನದ ಪ್ರೋತ್ಸಾಹವಿತ್ತು, ಅಧ್ಯಾಪಕರ ನೇತೃತ್ವವಿತ್ತು. ಕೂಟವು ಕಾಲೇಜಿನ ಒಳಗೇ ಸಂಘದ ರೂಪವನ್ನು ತಾಳಿತು. ಧಾರವಾಡದಲ್ಲಿ ಆಳುವ ಸರ್ಕಾರ ದೂರದ ಮುಂಬಯಿಯದು, ಕನ್ನಡಕ್ಕೆ ಅರಸು ಆಶ್ರಯವಿಲ್ಲ. ಕೂಟವು ಕಾಲೇಜಿನ ಹೊರಗೆ ಸ್ನೇಹದ ರೂಪವನ್ನು ತಾಳಿತು. ಸಂಘಕ್ಕೆ ನಿಯಮಾವಳಿ ಇರುತ್ತದೆ, ಗುಂಪಿಗೆ ವ್ಯಕ್ತಿಯೊಬ್ಬನ ಆಕರ್ಷಣೆ ಇರುತ್ತದೆ. ಮೊದಲನೆಯದು ದೀರ್ಘಕಾಲ ಬಾಳುತ್ತದೆ. ಎರಡನೆಯದು ತೀವ್ರವಾಗಿ ಬಾಳುತ್ತದೆ.

ನುಡಿಯ ಕೂಟದ ಅಗತ್ಯ ಏಕೀಕರಣದ ನಂತರವೂ ತೀರಲಿಲ್ಲ. 1969ರಲ್ಲಿ ಆರಂಭವಾದ ಬೆಂಗಳೂರಿನ ಕ್ರೈಸ್ಟ್ ಕಾಲೇಜಿನಲ್ಲಿ ಚಿ. ಶ್ರೀನಿವಾಸರಾಜು ಅವರು ಬೆಳೆಸಿದ ಕನ್ನಡ ಸಂಘ, ವಿದ್ಯಾರ್ಥಿ ಕವಿಗಳಿಗಾಗಿ ಬೇಂದ್ರೆ ಹೆಸರಿನ ಕವನಸ್ಪರ್ಧೆಯನ್ನು ನಡೆಸಿ, ಅವರ ರಚನೆಗಳನ್ನು ಪುಸ್ತಕಗಳಾಗಿ ಹೊರತಂದಿತು. ಇಂಗ್ಲಿಷಿನ ವಾತಾವರಣ ಪ್ರಬಲವಾಗಿದ್ದ ಆವರಣದಲ್ಲಿಯೇ ಇಂತಹ ಸಂಘ ಬಲವಾಗಿ ಬೇರೂರಿದ್ದು ಆಕಸ್ಮಿಕವಲ್ಲ.

ಮನ್ನಣೆಯ ಪ್ರಶ್ನೆ

ಅನ್ನವೂ ನುಡಿಯೂ ದೊರೆತ ಮೇಲೆಯೂ ಒಂದು ವರ್ಗದ ವಿದ್ಯಾರ್ಥಿಗಳಿಗೆ ದೊರೆಯದೆ ಉಳಿದದ್ದು ಮನ್ನಣೆ. ದಲಿತ ವಿದ್ಯಾರ್ಥಿಗಳ ಪಾಲಿಗೆ ವಿದ್ಯಾರ್ಥಿನಿಲಯಗಳು ತೆರೆದದ್ದು ಕೆಲವೇ ಸುಧಾರಕರ ಶ್ರಮದಿಂದ. ಬೆಂಗಳೂರಿನಲ್ಲಿ ಗೋಪಾಲಸ್ವಾಮಿ ಅಯ್ಯರ್ ಅವರ ಹೆಸರನ್ನು ಹೊತ್ತ ವಿದ್ಯಾರ್ಥಿನಿಲಯವು ಈ ದೃಷ್ಟಿಯಿಂದ ಚಾರಿತ್ರಿಕ ಮಹತ್ತ್ವವುಳ್ಳದ್ದು. ಕವಿ ಸಿದ್ಧಲಿಂಗಯ್ಯನವರು ತಮ್ಮ ಆತ್ಮಕಥನ ‘ಊರುಕೇರಿ’ಯಲ್ಲಿ ಈ ನಿಲಯದ ಬದುಕನ್ನು ಹಾಸ್ಯ ಮತ್ತು ನೋವು ಬೆರೆತ ಧಾಟಿಯಲ್ಲಿ ಚಿತ್ರಿಸಿದ್ದಾರೆ. ಆ ಚಿತ್ರಣದಿಂದ ತಿಳಿಯುವಂತೆ ಅದು ಹಸಿವಿನ ತಾಣವೂ ಹೌದು, ಓದಿನ, ವಾಗ್ವಾದದ, ಭಾಷಣ ಕಲಿಕೆಯ ತಾಣವೂ ಹೌದು.

1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಮಾತನಾಡುತ್ತ ಸಚಿವ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂಬ ಅರ್ಥದ ಮಾತನ್ನಾಡಿದರು. ಅದನ್ನು ಖಂಡಿಸಿ ರಾಜ್ಯದ ಹಲವೆಡೆ ವಿದ್ಯಾರ್ಥಿಗಳು ಬೀದಿಗಿಳಿದರು. ಬಸವಲಿಂಗಪ್ಪನವರನ್ನು ಬೆಂಬಲಿಸಿದ ದಲಿತ ವಿದ್ಯಾರ್ಥಿಗಳು ಹಲ್ಲೆಗೆ ಗುರಿಯಾದರು. ಬಸವಲಿಂಗಪ್ಪನವರು ಸಚಿವ ಸ್ಥಾನವನ್ನು ತೊರೆಯಬೇಕಾಯಿತು. ನುಡಿಯ ಹೆಸರಿನ ಕೂಟ ಎಲ್ಲರನ್ನೂ ಒಳಗೊಂಡಿದೆಯೆಂಬ ನಂಬಿಕೆಗೆ ಬಿದ್ದ ಪೆಟ್ಟಿದು. ಕನ್ನಡವು ಜಾತಿಯ ಗೆರೆಯನ್ನು ದಾಟಿಸಿತ್ತು ಎಂಬುದು ನಿಜ. ಆದರೆ ಎಲ್ಲರನ್ನೂ ದಾಟಿಸಿರಲಿಲ್ಲ. ಅರ್ಧ ಶತಮಾನದ ಹಿಂದೆ ಒಂದು ಬಗೆಯ ಅವಮಾನದ ವಿರುದ್ಧ ಹುಟ್ಟಿದ ಭಾಷಾಭಿಮಾನವು, ಇನ್ನೊಂದು ಬಗೆಯ ಅವಮಾನವನ್ನು ಉಂಡವರ ಮಾತನ್ನು ಕೇಳಿಸಿಕೊಳ್ಳದೆ ಹೋಯಿತು.

ಆದರೆ ಈ ಸಂಘರ್ಷವೇ ಹೊಸ ಕೂಟಗಳಿಗೆ ಕಾರಣವಾಯಿತು. ಹಲ್ಲೆಗೊಳಗಾದ ವಿದ್ಯಾರ್ಥಿಗಳು ಒಂದು ನಿಲಯದಿಂದ ಇನ್ನೊಂದಕ್ಕೆ, ಒಂದು ಊರಿನಿಂದ ಇನ್ನೊಂದಕ್ಕೆ ಸಂಪರ್ಕ ಬೆಳೆಸಿಕೊಂಡರು. 1970ರ ದಶಕದ ನಡುವೆ ಪ್ರೊ. ಬಿ. ಕೃಷ್ಣಪ್ಪನವರ ಮುಂದಾಳ್ತನದಲ್ಲಿ ದಲಿತ ಸಂಘರ್ಷ ಸಮಿತಿ ರೂಪುಗೊಂಡಿತು. ಮೈಸೂರಿನಿಂದ ‘ಪಂಚಮ’ ಪತ್ರಿಕೆ ಹೊರಬಂದಿತು. 1975ರಲ್ಲಿ ಸಿದ್ಧಲಿಂಗಯ್ಯನವರ ‘ಹೊಲೆ ಮಾದಿಗರ ಹಾಡು’ ಪ್ರಕಟವಾಯಿತು. ಮೈಸೂರಿನಲ್ಲಿಯೇ 1974ರಲ್ಲಿ ನಡೆದ ಬರಹಗಾರರ ಮತ್ತು ಕಲಾವಿದರ ಒಕ್ಕೂಟದ ಸಮಾವೇಶವು ಸಾಹಿತ್ಯದ ಹಳೆಯ ಯಜಮಾನಿಕೆಯನ್ನು ಪ್ರಶ್ನಿಸಿತ್ತು. ವಿದ್ಯಾರ್ಥಿನಿಲಯದ ಒಗ್ಗಟ್ಟು ಚಳವಳಿಯ ಒಗ್ಗಟ್ಟಾಗಿ ಪರಿವರ್ತನೆಗೊಂಡ ಈ ಪ್ರಕ್ರಿಯೆ ಕರ್ನಾಟಕದ ಸಾಮಾಜಿಕ ಇತಿಹಾಸದ ಒಂದು ಮುಖ್ಯ ಅಧ್ಯಾಯ. ದೇವರಾಜ ಅರಸು ಅವರ ಆಡಳಿತದಲ್ಲಿ ಹಿಂದುಳಿದ ವರ್ಗಗಳ ವಿದ್ಯಾರ್ಥಿನಿಲಯಗಳು ವಿಸ್ತರಣೆಗೊಂಡದ್ದು, 1972ರಲ್ಲಿ ನೇಮಕಗೊಂಡ ಹಾವನೂರು ಆಯೋಗವು 1975ರಲ್ಲಿ ವರದಿ ಸಲ್ಲಿಸಿದ್ದು ಇದೇ ಕಾಲದ ಸಂಗತಿಗಳು. ಸಮುದಾಯಗಳು ಹೊತ್ತಿದ್ದ ಅನ್ನದ ಹೊಣೆಯಲ್ಲಿ ರಾಜ್ಯವು ಹೆಚ್ಚಿನ ಪಾಲನ್ನು ವಹಿಸಿಕೊಳ್ಳತೊಡಗಿತು.

ಕೂಟಗಳು ರಾಜಕೀಯ ಕ್ರಿಯೆಗೆ ತಿರುಗಿದ್ದು ಇದೇ ಮೊದಲಲ್ಲ. 1942ರ ಚಳವಳಿಯಲ್ಲಿ ಸೆಂಟ್ರಲ್ ಕಾಲೇಜಿನ ವಿದ್ಯಾರ್ಥಿಯಾಗಿದ್ದ ಎಚ್. ನರಸಿಂಹಯ್ಯನವರು ಓದನ್ನು ಬಿಟ್ಟು ಸೆರೆಮನೆ ಸೇರಿದ್ದರು. 1947ರ ಸೆಪ್ಟೆಂಬರಿನ ‘ಮೈಸೂರು ಚಲೋ’ ಚಳವಳಿಯಲ್ಲಿ ಗುಂಡಿಗೆ ಬಲಿಯಾದ ವಿದ್ಯಾರ್ಥಿ ರಾಮಸ್ವಾಮಿಯ ಹೆಸರನ್ನು ಮೈಸೂರಿನ ವೃತ್ತವೊಂದು ಹೊತ್ತಿದೆ. ಆದರೆ ಅಂದಿನ ಎದುರಾಳಿ ಹೊರಗಿನದು: ಪರಕೀಯ ಸರ್ಕಾರ, ಅರಸೊತ್ತಿಗೆಯ ಆಡಳಿತ. 1973ರ ವೇಳೆಗೆ ಪ್ರಶ್ನೆ ತರಗತಿಯ ಒಳಗಿನದಾಯಿತು. ಒಂದೇ ಪದವಿಗೆ ಓದುವವರ ನಡುವೆ ಸಮಾನತೆ ಇದೆಯೇ ಎಂಬುದನ್ನು ಕೇಳಬೇಕಾಗಿ ಬಂದಿತು.

ಉಪಸಂಹಾರ

ಮೇಲಿನ ವಿವೇಚನೆಯಿಂದ ಕೆಲವು ನಿಲುವುಗಳಿಗೆ ಬರಬಹುದು. ಮೊದಲನೆಯದಾಗಿ, ವಿದ್ಯಾರ್ಥಿ ಕೂಟಗಳು ಹುಟ್ಟುವುದು ಕೊರತೆಯಿಂದ. ವಸತಿಯಿಲ್ಲದಲ್ಲಿ ಜಾತಿಯ ನಿಲಯ, ಕನ್ನಡಕ್ಕೆ ಸ್ಥಾನವಿಲ್ಲದಲ್ಲಿ ಕರ್ನಾಟಕ ಸಂಘ, ಗೌರವವಿಲ್ಲದಲ್ಲಿ ದಲಿತ ಸಂಘಟನೆ ಹುಟ್ಟಿತು. ಎರಡನೆಯದಾಗಿ, ಒಂದು ಕೊರತೆಯನ್ನು ತುಂಬಿದ ಕೂಟ ತನ್ನ ಕಾಲ ಮುಗಿದ ಮೇಲೆ ಬಾಗಿಲು ಮುಚ್ಚಿಕೊಳ್ಳುವ ಅಪಾಯವಿದೆ. ಪ್ರವೇಶದ ಸಾಧನವಾಗಿದ್ದ ನಿಲಯವು ಪ್ರತ್ಯೇಕತೆಯ ಸಾಧನವಾಗಬಹುದು. ಸ್ವಾಭಿಮಾನದ ಸಾಧನವಾಗಿದ್ದ ನುಡಿಯು ಇತರರ ಬಾಯಿ ಮುಚ್ಚಿಸುವ ಸಾಧನವಾಗಬಹುದು. ಮೂರನೆಯದಾಗಿ, ಈ ಅಪಾಯವನ್ನು ಮೀರಿದ ಕೂಟಗಳೆಲ್ಲ ತಮ್ಮ ಹುಟ್ಟಿನ ಗೆರೆಯಾಚೆಯ ಒಬ್ಬರನ್ನಾದರೂ ಒಳಗೆ ಬಿಟ್ಟುಕೊಂಡವು. ವೆಂಕಣ್ಣಯ್ಯನವರ ಶಿಷ್ಯನಾಗಿ ಪುಟ್ಟಪ್ಪನವರು, ಬೇಂದ್ರೆಯವರ ಗೆಳೆಯನಾಗಿ ಇಂಗ್ಲಿಷ್ ಸಾಹಿತ್ಯದ ವಿದ್ಯಾರ್ಥಿ ಗೋಕಾಕರು ಹೀಗೆಯೇ ಒಳಬಂದವರು.

ಅದೇ ಗೋಕಾಕರ ಅಧ್ಯಕ್ಷತೆಯಲ್ಲಿ 1980ರಲ್ಲಿ ನೇಮಕಗೊಂಡ ಸಮಿತಿಯು ಶಾಲೆಗಳಲ್ಲಿ ಕನ್ನಡದ ಸ್ಥಾನವನ್ನು ಕುರಿತು 1981ರಲ್ಲಿ ವರದಿ ನೀಡಿದಾಗ, ಅದರ ಜಾರಿಗಾಗಿ 1982ರಲ್ಲಿ ನಾಡಿನಾದ್ಯಂತ ಚಳವಳಿ ಹಬ್ಬಿತು. ಧಾರವಾಡದ ಒಂದು ಗೆಳೆಯರ ಬಳಗದಲ್ಲಿ ಕನ್ನಡಕ್ಕೆ ಒಲಿದ ತರುಣನ ಹೆಸರು ಆರು ದಶಕಗಳೊಳಗೆ ಲಕ್ಷಾಂತರ ಜನರ ಹೋರಾಟದ ಹೆಸರಾಯಿತು. ಕಾಲೇಜಿನ ಕೂಟವೊಂದರ ಆಯುಷ್ಯ ನಾಲ್ಕಾರು ವರ್ಷಗಳದಾದರೂ ಅದರ ಪರಿಣಾಮದ ಆಯುಷ್ಯ ಬಹು ದೀರ್ಘವಾದುದು.

ವಿದ್ಯಾಸಂಸ್ಥೆಗಳು ಇಂತಹ ಕೂಟಗಳನ್ನು ಶಿಸ್ತಿನ ಸಮಸ್ಯೆಯಾಗಿ ಕಂಡ ಸಂದರ್ಭಗಳು ಕಡಮೆಯಲ್ಲ. ಇತಿಹಾಸದ ಅಧ್ಯಯನ ಬೇರೊಂದು ದಾರಿಯನ್ನು ಸೂಚಿಸುತ್ತದೆ. ಹೊಸದೊಂದು ಗುಂಪು ಕಾಣಿಸಿಕೊಂಡಾಗ ಅದು ಯಾವ ಕೊರತೆಯನ್ನು ತುಂಬುತ್ತಿದೆ ಎಂದು ಸಂಸ್ಥೆಯು ಮೊದಲು ತನ್ನನ್ನೇ ಕೇಳಿಕೊಳ್ಳಬೇಕು. ಆ ಗುಂಪಿನ ಬಾಗಿಲು ಯಾರಿಗೆ ಮುಚ್ಚಿದೆ ಎಂದು ಗುಂಪಿನವರನ್ನು ಆಮೇಲೆ ಕೇಳಬೇಕು. ಈ ಎರಡು ಪ್ರಶ್ನೆಗಳನ್ನು ಇಟ್ಟುಕೊಂಡು ನಮ್ಮ ಕಾಲೇಜುಗಳ ಸಂಘದ ಕಡತಗಳನ್ನು, ವಾರ್ಷಿಕ ಸಂಚಿಕೆಗಳನ್ನು, ವಿದ್ಯಾರ್ಥಿನಿಲಯಗಳ ದಾಖಲೆಗಳನ್ನು ಸಂಗ್ರಹಿಸಿ ಅಭ್ಯಾಸ ಮಾಡಿದರೆ ಆಧುನಿಕ ಕರ್ನಾಟಕದ ಇತಿಹಾಸದ ಒಂದು ಮುಖ್ಯ ಮಗ್ಗುಲು ಬೆಳಕಿಗೆ ಬರುವುದರಲ್ಲಿ ಸಂದೇಹವಿಲ್ಲ.